ಎದುರಾಳಿಗೇ ಕೊಡುವ ವಿಳಾಸಪಟ್ಟಿ

ಜನವರಿ ಒಂದನೇ ತಾರೀಖು. ದಿಲ್ಲಿಯಲ್ಲಿ ಮಂಜು ಕವಿಯುವ ಕಾಲ. ಹಿಂದಿನ ರಾತ್ರಿಯ ಕೇಕು, ಪಟಾಕಿ, ಶುಭಾಶಯಗಳ ಗದ್ದಲ ಮುಗಿದು ಊರು ತಡವಾಗಿ ಏಳುತ್ತಿರುತ್ತದೆ. ಆದರೆ ಆ ದಿನ ಸರ್ಕಾರದ ಒಂದು ಕೆಲಸ ಮಾತ್ರ ತಪ್ಪುವಂತಿಲ್ಲ. ದಿಲ್ಲಿಯಲ್ಲಿರುವ ಪಾಕಿಸ್ತಾನದ ಹೈಕಮಿಷನ್ನಿಗೆ ಒಂದು ಪಟ್ಟಿ ಒಪ್ಪಿಸಬೇಕು. ಅದೇ ಹೊತ್ತಿಗೆ ಇಸ್ಲಾಮಾಬಾದಿನಲ್ಲಿ ಭಾರತದ ಹೈಕಮಿಷನ್ನಿನ ಕೈಗೂ ಅಂಥದ್ದೇ ಒಂದು ಪಟ್ಟಿ ಬರುತ್ತದೆ. ನಮ್ಮ ಅಣು ಸ್ಥಾವರಗಳು ಎಲ್ಲೆಲ್ಲಿವೆ ಎಂದು ನಾವು ಅವರಿಗೆ, ಅವರವು ಎಲ್ಲೆಲ್ಲಿವೆ ಎಂದು ಅವರು ನಮಗೆ ಬರೆದು ಕೊಡುವ ಪಟ್ಟಿ.

ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಕೈದಿಗಳ ಪಟ್ಟಿಯೂ ಅದೇ ದಿನ ವಿನಿಮಯವಾಗುವುದರಿಂದ ಎರಡೂ ಒಂದೇ ತಲೆಬರಹದಡಿ ಸೇರಿಹೋಗುತ್ತವೆ. ಓದಿದವರು ‘ಓಹೋ’ ಎಂದು ಪುಟ ತಿರುಗಿಸುತ್ತಾರೆ.

2026ರ ಜನವರಿ 1ರಂದೂ ಪಟ್ಟಿಗಳು ಕೈ ಬದಲಾದವು. ಸತತ 35ನೇ ಸಲ. ಅದರ ಹಿಂದಿನ ಎಂಟು ತಿಂಗಳನ್ನು ನೆನಪಿಸಿಕೊಳ್ಳಿ. ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆ, ಸಿಂಧೂ ಜಲ ಒಪ್ಪಂದಕ್ಕೆ ತಡೆ, ಅಟ್ಟಾರಿ ಗಡಿ ಬಂದ್, ಹೈಕಮಿಷನ್ ಸಿಬ್ಬಂದಿ 30ಕ್ಕೆ ಇಳಿಕೆ, ಮೇ 7ರಿಂದ ನಾಲ್ಕು ದಿನ ಕ್ಷಿಪಣಿ-ಡ್ರೋನ್‌ಗಳ ಕಾಳಗ. 2019ರ ಆಗಸ್ಟ್‌ನಿಂದ ಎರಡೂ ರಾಜಧಾನಿಗಳಲ್ಲಿ ಪೂರ್ಣ ಪ್ರಮಾಣದ ಹೈಕಮಿಷನರ್‌ಗಳೇ ಇಲ್ಲ. ಕ್ರಿಕೆಟ್ ತಂಡಗಳು ಕೈಕುಲುಕುವುದನ್ನೂ ಬಿಟ್ಟಿದ್ದವು. ಆದರೂ ಪಟ್ಟಿ ಹೋಯಿತು, ಪಟ್ಟಿ ಬಂತು. ಮಾತು ಬಿಟ್ಟ ದಾಯಾದಿಗಳೂ ಗದ್ದೆಗೆ ನೀರು ಬಿಡುವ ಸರದಿಯನ್ನು ತಪ್ಪಿಸುವುದಿಲ್ಲವಲ್ಲ, ಹಾಗೆ.

ಪಟ್ಟಿಯಲ್ಲಿ ಏನಿದೆ?

ಇದು ಗುಟ್ಟಿನ ದಾಖಲೆ. ಸಾರ್ವಜನಿಕರ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರಲ್ಲಿ ಏನಿರಬೇಕು ಎಂಬುದನ್ನು 1988ರ ಒಪ್ಪಂದವೇ ಹೇಳುತ್ತದೆ. ಅಣು ವಿದ್ಯುತ್ ಸ್ಥಾವರ, ಸಂಶೋಧನಾ ರಿಯಾಕ್ಟರ್, ಇಂಧನ ತಯಾರಿಸುವ ಕಾರ್ಖಾನೆ, ಯುರೇನಿಯಂ ಸಂವರ್ಧನೆಯ ಘಟಕ, ಬಳಸಿದ ಇಂಧನವನ್ನು ಮರುಸಂಸ್ಕರಿಸುವ ಘಟಕ, ವಿಕಿರಣಶೀಲ ವಸ್ತುಗಳನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟಿರುವ ಜಾಗ, ಹೀಗೆ. ಪ್ರತಿಯೊಂದರ ಅಕ್ಷಾಂಶ, ರೇಖಾಂಶ ತಿಳಿಸಬೇಕು.

ಆ ವಿವರಣೆಯನ್ನು ಹಿಡಿದು ನೋಡಿದರೆ ಕಾಳಿ ನದಿಯ ದಡದಲ್ಲಿರುವ ನಮ್ಮ ಕೈಗಾದ ನಾಲ್ಕು ರಿಯಾಕ್ಟರ್‌ಗಳೂ ಇದರ ವ್ಯಾಪ್ತಿಗೆ ಬರುತ್ತವೆ. ತಲಾ 220 ಮೆಗಾವಾಟ್‌ನ ಅವುಗಳಲ್ಲಿ ಮೊದಲನೆಯದು 962 ದಿನ ಎಡೆಬಿಡದೆ ಓಡಿ 2018ರ ಕೊನೆಗೆ ವಿಶ್ವದಾಖಲೆ ಮಾಡಿದ್ದು ಅನೇಕರಿಗೆ ನೆನಪಿರಬಹುದು. ಅದೇ ಕೈಗಾದ ಮೇಲೆ ಬಾಂಬು ಹಾಕುವುದಿಲ್ಲ ಎಂದು ಪಾಕಿಸ್ತಾನ ಬರೆದುಕೊಟ್ಟಿದೆ ಎಂಬುದು ಕಾರವಾರದಲ್ಲೇ ಎಷ್ಟು ಜನರಿಗೆ ಗೊತ್ತಿದೆಯೋ!

ಕೈಗಾ ಎಲ್ಲಿದೆ ಎಂದು ಹೇಳಲು ಪಟ್ಟಿ ಬೇಕೆ? ಮೊಬೈಲಿನ ನಕ್ಷೆಯಲ್ಲಿ ಬೆರಳಾಡಿಸಿದರೆ ಸಾಕು. ನಿಜ. ಆದರೆ ಪಟ್ಟಿಯ ಉಪಯೋಗ ಬೇರೆ. ಅದರಲ್ಲಿ ಹೆಸರು ಬಂದ ಜಾಗಕ್ಕೆ ಹಾನಿ ಮಾಡುವ ಕೆಲಸವನ್ನು ತಾನೂ ಮಾಡಬಾರದು, ಬೇರೆಯವರಿಂದಲೂ ಮಾಡಿಸಬಾರದು ಎಂಬ ಕಟ್ಟು ಎರಡೂ ಕಡೆಗೆ ಬೀಳುತ್ತದೆ. ಅಣುಬಾಂಬ್ ಒಂದೇ ಏಕೆ, ಮಾಮೂಲಿ ಬಾಂಬೂ ಬೀಳಬಾರದು. ರಿಯಾಕ್ಟರ್ ಒಡೆದರೆ ಹೊರಬರುವ ವಿಕಿರಣ ಗಾಳಿ ಬೀಸಿದ ಕಡೆ ಹೋಗುತ್ತದೆ. ಗಡಿ ಅದಕ್ಕೆ ಗೊತ್ತಿಲ್ಲ.

ಈ ಒಪ್ಪಂದಕ್ಕೆ ಹಲ್ಲಿಲ್ಲ ಎಂಬ ದೂರೂ ಇದೆ. ಪಟ್ಟಿಯಲ್ಲಿ ಯಾವುದನ್ನು ಸೇರಿಸಬೇಕು ಎಂದು ತೀರ್ಮಾನಿಸುವುದು ಆಯಾ ದೇಶವೇ. ಬಿಟ್ಟುಹೋಗಿದೆಯೇ ಎಂದು ತಪಾಸಣೆ ಮಾಡುವವರಿಲ್ಲ, ಮುರಿದರೆ ದಂಡವಿಲ್ಲ. 1992ರ ಜನವರಿ 1ರಂದು ಮೊದಲ ಪಟ್ಟಿಗಳು ಕೈಸೇರಿದಾಗಲೇ ‘ಅವರದ್ದು ಪೂರ್ತಿ ಇಲ್ಲ’ ಎಂಬ ಗೊಣಗಾಟ ಕೇಳಿಬಂದಿತ್ತು. ಆದರೂ ಮುಂದಿನ ವರ್ಷ ಯಾರೂ ಪಟ್ಟಿ ತಡೆಹಿಡಿಯಲಿಲ್ಲ.

ಭಯ ಶುರುವಾದದ್ದು ಬಾಗ್ದಾದಿನ ಬಳಿ

1981ರ ಜೂನ್ 7ರಂದು ಇಸ್ರೇಲಿನ ಯುದ್ಧವಿಮಾನಗಳು ಇರಾಕಿನ ಒಸಿರಾಕ್ ರಿಯಾಕ್ಟರನ್ನು ಹೊಡೆದು ಹಾಕಿದವು. ಆ ದಾಳಿಯ ಸದ್ದು ರಾವಲ್ಪಿಂಡಿಯವರೆಗೂ ಕೇಳಿಸಿತು. ಅಲ್ಲಿಂದ ಕೂಗಳತೆಯಲ್ಲಿ ಎನ್ನುವಂತಿರುವ ಕಹೂಟಾದಲ್ಲಿ ಪಾಕಿಸ್ತಾನ ಯುರೇನಿಯಂ ಸಂವರ್ಧನೆ ನಡೆಸುತ್ತಿತ್ತು. ಭಾರತವೂ ಇಸ್ರೇಲಿನ ದಾರಿ ಹಿಡಿದು ಕಹೂಟಾಕ್ಕೆ ಬಾಂಬು ಹಾಕುತ್ತದೆ ಎಂಬ ಗುಮಾನಿ 80ರ ದಶಕದುದ್ದಕ್ಕೂ ಹೊಗೆಯಾಡಿತು. ಹಾಗೇನಾದರೂ ಆದರೆ ಟ್ರಾಂಬೆಯ ಅಣು ಕೇಂದ್ರವನ್ನು ಬಿಡುವುದಿಲ್ಲ ಎಂಬ ಮಾತು ಆ ಕಡೆಯಿಂದ ತೇಲಿಬರುತ್ತಿತ್ತು. ಟ್ರಾಂಬೆ ಎಂದರೆ ಮುಂಬೈ.

1985ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಅಧ್ಯಕ್ಷ ಜಿಯಾ ಉಲ್ ಹಕ್ ದಿಲ್ಲಿಗೆ ಬಂದಾಗ ಅವರೂ ರಾಜೀವ್ ಗಾಂಧಿಯೂ ಪರಸ್ಪರರ ಅಣು ಸ್ಥಾವರಗಳನ್ನು ಮುಟ್ಟುವುದಿಲ್ಲ ಎಂದು ಬಾಯಿಮಾತಿನಲ್ಲಿ ಒಪ್ಪಿದರು. ಅದು ಕಾಗದಕ್ಕೆ ಇಳಿಯುವ ಮೊದಲೇ ರಾಜಸ್ಥಾನದ ಮರಳಿನಲ್ಲಿ ಜನರಲ್ ಸುಂದರ್‌ಜಿ ಅವರ ‘ಬ್ರಾಸ್‌ಟ್ಯಾಕ್ಸ್’ ಸೇನಾ ಕವಾಯತು ನಡೆದು, 1987ರ ಆರಂಭದಲ್ಲಿ ಎರಡೂ ಸೇನೆಗಳು ಗಡಿಯಲ್ಲಿ ಮುಖಾಮುಖಿ ನಿಂತವು. ಕವಾಯತೋ ದಂಡಯಾತ್ರೆಯೋ ಎಂಬುದು ಆ ಕಡೆಯವರಿಗೆ ತಿಳಿಯಲಿಲ್ಲ. ಜಿಯಾ ಕ್ರಿಕೆಟ್ ನೋಡುವ ನೆಪದಲ್ಲಿ ಜೈಪುರಕ್ಕೆ ಬಂದು ಹೋದರು. ಬಿಸಿ ಇಳಿಯಿತು.

ಕೊನೆಗೆ 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ಸಹಿ ಬಿತ್ತು. ಸಾರ್ಕ್ ಶೃಂಗಸಭೆಗೆಂದು ರಾಜೀವ್ ಅಲ್ಲಿಗೆ ಹೋಗಿದ್ದರು; ಬೆನಜೀರ್ ಭುಟ್ಟೊ ಪ್ರಧಾನಿಯಾಗಿ ಆಗಷ್ಟೇ ಒಂದು ತಿಂಗಳಾಗಿತ್ತು. ಇಬ್ಬರ ಸಮ್ಮುಖದಲ್ಲಿ ವಿದೇಶಾಂಗ ಕಾರ್ಯದರ್ಶಿಗಳಾದ ಕೆ.ಪಿ.ಎಸ್. ಮೆನನ್ ಮತ್ತು ಹುಮಾಯೂನ್ ಖಾನ್ ಸಹಿ ಹಾಕಿದರು. ಜಾರಿಗೆ ಬರಲು 1991ರ ಜನವರಿ 27ರವರೆಗೆ ಕಾಯಬೇಕಾಯಿತು.

ಕಾಗದ ಇದ್ದ ಮಾತ್ರಕ್ಕೆ ಭಯ ಹೋಗಲಿಲ್ಲ. 1998ರ ಮೇ 27ರ ನಡುರಾತ್ರಿ ಪಾಕಿಸ್ತಾನ ಭಾರತದ ಹೈಕಮಿಷನರ್ ಸತೀಶ್ ಚಂದ್ರ ಅವರನ್ನು ಕರೆಸಿ, ನೀವು ಬೆಳಗಾಗುವುದರೊಳಗೆ ನಮ್ಮ ಅಣು ಸ್ಥಾವರಗಳ ಮೇಲೆ ದಾಳಿ ಮಾಡಲಿದ್ದೀರಿ ಎಂಬ ಸುದ್ದಿ ಇದೆ ಎಂದು ಎಚ್ಚರಿಸಿತು. ದಾಳಿ ನಡೆಯಲಿಲ್ಲ. ಮರುದಿನ ಚಾಗೈ ಬೆಟ್ಟದಲ್ಲಿ ಪಾಕಿಸ್ತಾನ ತನ್ನ ಬಾಂಬುಗಳನ್ನು ಸಿಡಿಸಿತು.

2025ರ ಮೇ ಕಾಳಗದಲ್ಲೂ ಕಿರಾನಾ ಬೆಟ್ಟದ ಅಣು ಉಗ್ರಾಣಕ್ಕೆ ಭಾರತ ಹೊಡೆದಿದೆ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಮ್ಮ ವಾಯುಪಡೆ ಅಲ್ಲಗಳೆಯಿತು. ಪಾಕಿಸ್ತಾನದ ಯಾವ ಸ್ಥಾವರದಿಂದಲೂ ವಿಕಿರಣ ಸೋರಿಲ್ಲ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಹೇಳಿತು. ಮುಂದಿನ ತಿಂಗಳೇ, ಜೂನ್‌ನಲ್ಲಿ, ಇರಾನಿನ ನತಾಂಜ್ ಮತ್ತು ಫೋರ್ಡೋಗಳ ಮೇಲೆ ಬಾಂಬು ಬಿದ್ದವು. ಇಸ್ರೇಲ್-ಇರಾನ್ ನಡುವೆ ಇಂಥದ್ದೊಂದು ಪಟ್ಟಿ ಇಲ್ಲ. ಪಟ್ಟಿ ಇದ್ದರೆ ಬಾಂಬು ಬೀಳುತ್ತಲೇ ಇರಲಿಲ್ಲ ಎನ್ನುವಷ್ಟು ಭೋಳೆತನ ನನಗಿಲ್ಲ. ಆದರೆ ಇರುವಲ್ಲಿ ಬಿದ್ದಿಲ್ಲ ಎಂಬುದನ್ನು ಗಮನಿಸಬೇಕು.

ಮಂಗಳವಾರದ ಫೋನು

ಎರಡೂ ಸೇನೆಗಳ ಕಾರ್ಯಾಚರಣೆ ವಿಭಾಗದ ಮಹಾನಿರ್ದೇಶಕರ ನಡುವೆ ಒಂದು ಹಾಟ್‌ಲೈನ್ ಇದೆ. ಪತ್ರಿಕೆಗಳಲ್ಲಿ ‘ಡಿಜಿಎಂಒ’ ಎಂದು ಬರುತ್ತದಲ್ಲ, ಅವರು. 1971ರ ಯುದ್ಧದ ನಂತರ ಬಂದ ಈ ತಂತಿಯನ್ನು 1990ರಿಂದ ವಾರಕ್ಕೊಮ್ಮೆ, ಮಂಗಳವಾರ, ಬಳಸುವ ರೂಢಿ ಬಂತು. ಹೇಳಲು ದೊಡ್ಡ ವಿಷಯವಿಲ್ಲದಿದ್ದರೂ ಕರೆ ಹೋಗುತ್ತದೆ. ಅದರಲ್ಲೇ ಇದರ ಜಾಣತನ ಇರುವುದು: ಬಿಕ್ಕಟ್ಟಿನ ದಿನ ಮೊದಲ ಸಲ ರಿಸೀವರ್ ಎತ್ತಿದರೆ ಆ ಕಡೆಯ ದನಿ ಯಾರದ್ದೆಂದೇ ತಿಳಿಯುವುದಿಲ್ಲ.

2025ರ ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ ಫೋನು ಮಾಡಿದರು. ಸಂಜೆ 5ರಿಂದ ಗುಂಡಿನ ದಾಳಿ ನಿಲ್ಲಿಸುವುದೆಂದು ಮಾತಾಯಿತು. ವಾಷಿಂಗ್ಟನ್ ತಾನೇ ನಿಲ್ಲಿಸಿದೆ ಎಂದಿತು. ದಿಲ್ಲಿ ಅದನ್ನು ಒಪ್ಪಲಿಲ್ಲ. ಆ ವಾದ ಇನ್ನೂ ಮುಗಿದಿಲ್ಲ. ಯಾರು ಯಾರಿಗೆ ಒತ್ತಡ ಹೇರಿದರೋ ಏನೋ, ತೀರ್ಮಾನ ಸೈನಿಕರನ್ನು ತಲುಪಿದ್ದಂತೂ ಈ ಹಳೆಯ ತಂತಿಯ ಮೂಲಕವೇ.

ಹಾರಿಸುವ ಮೊದಲು ಹೇಳಿ

1999ರ ಫೆಬ್ರುವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ಕಾರ್ಗಿಲ್ ಯುದ್ಧ ಮೂರೇ ತಿಂಗಳಲ್ಲಿ ಆ ಸಂಭ್ರಮವನ್ನು ನುಂಗಿದ್ದೂ ನೆನಪಿದೆ. ಅಲ್ಲಿ ವಿದೇಶಾಂಗ ಕಾರ್ಯದರ್ಶಿಗಳು ಸಹಿ ಮಾಡಿದ ಪುಟ್ಟ ತಿಳಿವಳಿಕೆ ಪತ್ರವನ್ನು ಮಾತ್ರ ಜನ ಮರೆತರು. ಕ್ಷಿಪಣಿ ಪರೀಕ್ಷೆಗೆ ಮೊದಲು ಪರಸ್ಪರ ತಿಳಿಸೋಣ ಎಂದು ಅದರಲ್ಲಿತ್ತು. ಯುದ್ಧ ಆಯಿತು, ಸಂಸತ್ತಿನ ಮೇಲೆ ದಾಳಿ ಆಯಿತು, ಗಡಿಯಲ್ಲಿ ಸೇನೆ ಹತ್ತು ತಿಂಗಳು ಬೀಡುಬಿಟ್ಟಿತು. ಇಷ್ಟೆಲ್ಲ ಆದ ಮೇಲೂ 2005ರ ಅಕ್ಟೋಬರ್ 3ರಂದು ಅದು ಪೂರ್ಣ ಒಪ್ಪಂದವಾಗಿ ಬಂತು.

ನಿಯಮಗಳು ಸರಳ. ನೆಲದಿಂದ ನೆಲಕ್ಕೆ ಹಾರುವ ಬ್ಯಾಲಿಸ್ಟಿಕ್ ಕ್ಷಿಪಣಿಯ ಪರೀಕ್ಷೆಗೆ ಕನಿಷ್ಠ 3 ದಿನ ಮೊದಲು ತಿಳಿಸಬೇಕು. ಹಾರಿಸುವ ಜಾಗ ಗಡಿಯಿಂದ 40 ಕಿ.ಮೀ. ಒಳಗಿರಬಾರದು, ಬೀಳುವ ಜಾಗ 75 ಕಿ.ಮೀ. ಆಚೆಗಿರಬೇಕು. ಎರಡು ದೇಶಗಳ ನಡುವೆ ಕ್ಷಿಪಣಿಗೆ ಬೇಕಾದದ್ದು ಕೆಲವೇ ನಿಮಿಷ. ರೇಡಾರ್ ಪರದೆಯಲ್ಲಿ ಚುಕ್ಕಿ ಕಂಡ ಅಧಿಕಾರಿಗೆ ‘ಇದು ಮೊನ್ನೆ ಹೇಳಿದ ಪರೀಕ್ಷೆ’ ಎಂದು ಗೊತ್ತಿದ್ದರೆ ಅಷ್ಟರಮಟ್ಟಿಗೆ ಜೀವ ಹಗುರ.

ಆದರೆ ‘ಬ್ಯಾಲಿಸ್ಟಿಕ್’ ಎಂದು ಬರೆದದ್ದರಿಂದ ಕ್ರೂಸ್ ಕ್ಷಿಪಣಿಗಳು ಹೊರಗುಳಿದವು. ವಿಮಾನದ ಹಾಗೆ ಎಂಜಿನ್ ಬಲದಿಂದಲೇ ಹಾರುವ, ದಾರಿ ಬದಲಿಸಬಲ್ಲ ಕ್ಷಿಪಣಿಗಳವು. 2005ರ ಆಗಸ್ಟ್‌ನಲ್ಲಿ, ಒಪ್ಪಂದದ ಕರಡು ಇನ್ನೂ ಹಸಿಯಾಗಿದ್ದಾಗಲೇ, ಪಾಕಿಸ್ತಾನ ‘ಬಾಬರ್’ ಕ್ರೂಸ್ ಕ್ಷಿಪಣಿಯನ್ನು ಹೇಳದೆಯೇ ಹಾರಿಸಿತು. ನಿಯಮ ಮುರಿದಂತಾಗಲಿಲ್ಲ, ಏಕೆಂದರೆ ನಿಯಮವೇ ಇರಲಿಲ್ಲ.

ಮಿಯಾನ್ ಚನ್ನುವಿನ ಆ ಸಂಜೆ

2022ರ ಮಾರ್ಚ್ 9ರ ಸಂಜೆ ಈ ತೂತಿನ ಗಾತ್ರ ಗೊತ್ತಾಯಿತು. ಭಾರತದ ವಾಯುಪಡೆಯ ಒಂದು ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ ಅಚಾತುರ್ಯದಿಂದ ಹಾರಿತು. ಅದರಲ್ಲಿ ಸಿಡಿತಲೆ ಇರಲಿಲ್ಲ. ಶಬ್ದದ ಹಲವು ಪಟ್ಟು ವೇಗದಲ್ಲಿ ಗಡಿ ದಾಟಿ ಸುಮಾರು 124 ಕಿ.ಮೀ. ಒಳಗೆ, ಪಾಕಿಸ್ತಾನದ ಪಂಜಾಬಿನ ಮಿಯಾನ್ ಚನ್ನು ಎಂಬ ಊರಿನ ಬಳಿ ಬಿತ್ತು. ಒಂದಿಷ್ಟು ಕಟ್ಟಡ ಜಖಂ ಆಯಿತು, ಯಾರೂ ಸಾಯಲಿಲ್ಲ. ಪಾಕಿಸ್ತಾನದ ಆಕಾಶದಲ್ಲಿ ಅದು ಇದ್ದದ್ದು ನಾಲ್ಕು ನಿಮಿಷಕ್ಕೂ ಕಡಿಮೆ. ಅದು ಹಾರಿದ ಎತ್ತರದಲ್ಲಿ ಪ್ರಯಾಣಿಕ ವಿಮಾನಗಳೂ ಓಡಾಡುತ್ತವೆ.

ಆ ನಾಲ್ಕು ನಿಮಿಷದಲ್ಲಿ ಆ ಕಡೆ ಕುಳಿತವರಿಗೆ ಏನು ಗೊತ್ತಿತ್ತು? ಒಂದು ಕ್ಷಿಪಣಿ ಬರುತ್ತಿದೆ ಎಂದಷ್ಟೇ. ಅದರ ಮೂತಿಯಲ್ಲಿ ಏನಿದೆ, ಅದು ಒಂಟಿಯೋ ಹಿಂದೆ ಇನ್ನೂ ಹತ್ತು ಬರುತ್ತಿವೆಯೋ ಎಂಬುದು ರೇಡಾರಿಗೆ ತಿಳಿಯುವುದಿಲ್ಲ. ಅವರು ಮರುದಿನ ಪತ್ರಿಕಾಗೋಷ್ಠಿ ಕರೆದು ದೂರಿದರು. ಭಾರತ ಬಹಿರಂಗವಾಗಿ ಒಪ್ಪಿಕೊಂಡದ್ದು ಮಾರ್ಚ್ 11ರಂದು, ಎರಡು ದಿನಗಳ ಬಳಿಕ. ಮಾಮೂಲಿ ನಿರ್ವಹಣೆಯ ವೇಳೆ ತಪ್ಪಾಯಿತು, ವಿಷಾದವಿದೆ ಎಂದಿತು. ವಿಚಾರಣೆ ನಡೆದು ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳನ್ನು ವಜಾ ಮಾಡಲಾಯಿತು.

ಆಗ ನನ್ನನ್ನು ಕಾಡಿದ ಪ್ರಶ್ನೆ ಕ್ಷಿಪಣಿ ಹೇಗೆ ಹಾರಿತು ಎಂಬುದಲ್ಲ. ಯಂತ್ರ ಇದ್ದಲ್ಲಿ ಎಡವಟ್ಟು ಇದ್ದದ್ದೇ. ವಾರವಾರ ಬಳಸುವ ಫೋನು ಇರುವಾಗ ‘ನಮ್ಮದೊಂದು ತಪ್ಪಿ ಹಾರಿದೆ, ಅದರಲ್ಲಿ ಸಿಡಿತಲೆ ಇಲ್ಲ’ ಎಂದು ಕೂಡಲೇ ಹೇಳಲು ಏಕೆ ಆಗಲಿಲ್ಲ? ಪಾಕಿಸ್ತಾನ ಕೇಳಿದ್ದೂ ಇದನ್ನೇ. ಸದ್ಯ, ಅದು ನಡೆದದ್ದು ಗಡಿ ತಣ್ಣಗಿದ್ದ ಕಾಲದಲ್ಲಿ. 2025ರ ಮೇ 8ರ ರಾತ್ರಿ ಹಾಗಾಗಿದ್ದರೆ?

ಇಗ್ವಾಸು ಜಲಪಾತದ ಪಕ್ಕದಲ್ಲಿ

ನೆರೆಹೊರೆಯವರು ಇದಕ್ಕಿಂತ ಬಹಳ ಮುಂದೆ ಹೋದ ಉದಾಹರಣೆ ದಕ್ಷಿಣ ಅಮೆರಿಕದಲ್ಲಿದೆ. ಬ್ರೆಜಿಲ್ ಮತ್ತು ಅರ್ಜೆಂಟೀನಾದ ನಡುವಿನ ಪೈಪೋಟಿ ಫುಟ್‌ಬಾಲ್ ಅಂಗಳಕ್ಕೆ ಸೀಮಿತವಾಗಿರಲಿಲ್ಲ. 70ರ ದಶಕದ ಕೊನೆಯಲ್ಲಿ ಎರಡೂ ಕಡೆ ಸೇನಾಡಳಿತವಿತ್ತು, ಎರಡೂ ಕಡೆ ಗುಟ್ಟಿನ ಅಣು ಕಾರ್ಯಕ್ರಮವಿತ್ತು, ಎರಡೂ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ದೂರವಿದ್ದವು. ಬ್ರೆಜಿಲ್ ಕಶಿಂಬೊ ಎಂಬ ದಟ್ಟ ಕಾಡಿನ ಸೀಮೆಯಲ್ಲಿ ಅಣು ಪರೀಕ್ಷೆಗೆ ಹೊಂದುವಂಥ ಆಳದ ಬಾವಿಯನ್ನೇ ಕೊರೆದಿತ್ತು.

1983ರಲ್ಲಿ ಅರ್ಜೆಂಟೀನಾದಲ್ಲಿ, 1985ರಲ್ಲಿ ಬ್ರೆಜಿಲ್‌ನಲ್ಲಿ ನಾಗರಿಕ ಸರ್ಕಾರಗಳು ಬಂದವು. ಅದೇ ವರ್ಷ ನವೆಂಬರ್ 30ರಂದು ಅಧ್ಯಕ್ಷರಾದ ರೌಲ್ ಅಲ್ಫೊನ್ಸಿನ್ ಮತ್ತು ಜೋಸ್ ಸಾರ್ನಿ ಇಗ್ವಾಸು ಜಲಪಾತದ ಬಳಿಯ ಗಡಿಯೂರಿನಲ್ಲಿ ಭೇಟಿಯಾದರು. ಮುಂದಿನದ್ದನ್ನು ನಮ್ಮಲ್ಲಿ ಯಾರಾದರೂ ಕಥೆಯಾಗಿ ಬರೆದರೆ ಸಂಪಾದಕರು ವಾಪಸು ಕಳಿಸುತ್ತಾರೆ. ಅರ್ಜೆಂಟೀನಾ ಗುಟ್ಟಾಗಿ ಕಟ್ಟಿದ್ದ ಪಿಲ್ಕನಿಯೂ ಯುರೇನಿಯಂ ಘಟಕಕ್ಕೆ 1987ರಲ್ಲಿ ಬ್ರೆಜಿಲ್ ಅಧ್ಯಕ್ಷರನ್ನು ಕರೆದು ತೋರಿಸಲಾಯಿತು. ಅದೇ ವರ್ಷ ಬ್ರೆಜಿಲ್ ತಾನೂ ಯುರೇನಿಯಂ ಸಂವರ್ಧನೆಯಲ್ಲಿ ಗೆದ್ದಾಗ, ತನ್ನ ಜನಕ್ಕೆ ಹೇಳುವ ಮೊದಲೇ ಸಾರ್ನಿ ಅಲ್ಫೊನ್ಸಿನ್‌ಗೆ ತಿಳಿಸಿದರು. ಮರುವರ್ಷ ಅಲ್ಫೊನ್ಸಿನ್ ಆ ಘಟಕಕ್ಕೆ ಅತಿಥಿ. 1990ರಲ್ಲಿ ಸಾರ್ನಿಯವರ ನಂತರ ಬಂದ ಫೆರ್ನಾಂಡೊ ಕೊಲೊರ್ ಕಶಿಂಬೊಗೆ ಹೋಗಿ, ಕ್ಯಾಮೆರಾಗಳ ಮುಂದೆ ಆ ಬಾವಿಗೆ ಸುಣ್ಣ ಸುರಿದು ಬಂದರು.

1991ರಲ್ಲಿ ಎರಡೂ ದೇಶ ಸೇರಿ ಒಂದು ತಪಾಸಣಾ ಸಂಸ್ಥೆ ಕಟ್ಟಿದವು. ‘ಅಬಾಕ್’ ಎಂದು ಅದರ ಹೆಸರು, ರಿಯೊ ಡಿ ಜನೈರೊದಲ್ಲಿ ಕಚೇರಿ. ಅದರ ಪದ್ಧತಿ ನನಗೆ ಬಹಳ ಇಷ್ಟ. ಬ್ರೆಜಿಲ್‌ನ ತಜ್ಞರು ಅರ್ಜೆಂಟೀನಾದ ಸ್ಥಾವರಗಳಿಗೆ ಹೋಗಿ ಯುರೇನಿಯಂ ಲೆಕ್ಕ ನೋಡುತ್ತಾರೆ; ಅರ್ಜೆಂಟೀನಾದವರು ಬ್ರೆಜಿಲ್‌ಗೆ ಬರುತ್ತಾರೆ. ಲೆಕ್ಕ ತಪ್ಪಿದರೆ ಹಿಡಿಯುವ ಆಸಕ್ತಿ ಪಕ್ಕದ ಮನೆಯವನಿಗಿಂತ ಇನ್ನಾರಿಗಿದೆ?

ಹಾಗೆಂದು ಇದನ್ನು ತಂದು ವಾಘಾದಲ್ಲಿ ನೆಡಲಾಗದು. ಅವರ ಕೈಯಲ್ಲಿ ಬಾಂಬು ಇರಲಿಲ್ಲ, ಇತ್ತೀಚಿನ ಯುದ್ಧದ ಹಗೆ ಇರಲಿಲ್ಲ, ಕಾಶ್ಮೀರ ಇರಲಿಲ್ಲ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ 2025ರ ಅಂದಾಜಿನಂತೆ ಭಾರತದ ಬಳಿ ಸುಮಾರು 180, ಪಾಕಿಸ್ತಾನದ ಬಳಿ ಸುಮಾರು 170 ಸಿಡಿತಲೆಗಳಿವೆ. ಅವನ್ನು ಬಾವಿಗೆ ಹಾಕಿ ಸುಣ್ಣ ಸುರಿಯಲು ಯಾರೂ ತಯಾರಿಲ್ಲ. ಅಲ್ಲಿಂದ ಕಲಿಯುವುದಿದ್ದರೆ ಕ್ರಮವನ್ನು ಕಲಿಯಬೇಕು. ಅವರು ಮೊದಲು ಒಬ್ಬರಿಗೊಬ್ಬರು ಹೇಳಲು ಶುರು ಮಾಡಿದರು, ಆಮೇಲೆ ತೋರಿಸಿದರು, ತಪಾಸಣೆ ಕೊನೆಗೆ ಬಂತು. ನಾವು ಮೊದಲ ಮೆಟ್ಟಿಲಲ್ಲೇ 35 ವರ್ಷದಿಂದ ನಿಂತಿದ್ದೇವೆ, ಆದರೆ ಕೆಳಗಂತೂ ಇಳಿದಿಲ್ಲ.

ಮೂರನೆಯವರು, ನಾಲ್ಕನೆಯವರು

ದೊಡ್ಡಣ್ಣಂದಿರ ಮನೆಯಲ್ಲೂ ಈಗ ಕಟ್ಟುಗಳು ಸಡಿಲವಾಗಿವೆ. ಅಮೆರಿಕ-ರಷ್ಯಾಗಳ ದೂರಗಾಮಿ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ‘ನ್ಯೂ ಸ್ಟಾರ್ಟ್’ ಒಪ್ಪಂದದ ಅವಧಿ 2026ರ ಫೆಬ್ರುವರಿ 5ಕ್ಕೆ ಮುಗಿಯಿತು. ಚೀನಾದ ಸಿಡಿತಲೆಗಳು ಸುಮಾರು 600ಕ್ಕೆ ಏರಿವೆ. ಅಮೆರಿಕವನ್ನು ನೋಡಿ ಚೀನಾ ಹೆಚ್ಚಿಸುತ್ತದೆ, ಚೀನಾವನ್ನು ನೋಡಿ ನಾವು, ನಮ್ಮನ್ನು ನೋಡಿ ಪಾಕಿಸ್ತಾನ. 5,000 ಕಿ.ಮೀ. ದಾಟುವ ಅಗ್ನಿ-5 ಇಸ್ಲಾಮಾಬಾದಿಗಾಗಿ ಮಾಡಿದ್ದಲ್ಲ ಎಂಬುದು ನಕ್ಷೆ ನೋಡಿದ ಯಾರಿಗಾದರೂ ಗೊತ್ತು. ಇಬ್ಬರ ನಡುವಿನ ಕಾಗದದಿಂದ ನಾಲ್ವರ ಈ ಸರಪಳಿ ಸಡಿಲವಾಗುವುದಿಲ್ಲ.

ಕೂತು ಮಾತಾಡಲು ಜಗಲಿಯೂ ಇಲ್ಲ. 1988ರ ಸಹಿಗೆ ನೆಪ ಒದಗಿಸಿದ ಸಾರ್ಕ್‌ನ ಕೊನೆಯ ಶೃಂಗಸಭೆ 2014ರಲ್ಲಿ ಕಠ್ಮಂಡುವಿನಲ್ಲಿ ನಡೆಯಿತು, ಮುಂದೆ ಸೇರಲೇ ಇಲ್ಲ. ನಿವೃತ್ತ ರಾಯಭಾರಿಗಳು, ಜನರಲ್‌ಗಳು 1991ರಲ್ಲಿ ರಾಜಸ್ಥಾನದ ನೀಮ್ರಾಣಾ ಕೋಟೆಯಲ್ಲಿ ಶುರು ಮಾಡಿದಂಥ ಅನಧಿಕೃತ ಮಾತುಕತೆಗಳು ಆಗಾಗ ಉಸಿರಾಡುತ್ತವೆ. ಅಧಿಕಾರ ಇಲ್ಲದವರ ಮಾತು ಎಂದು ನಗುವವರಿದ್ದಾರೆ. ಅಧಿಕಾರ ಇದ್ದವರು ಮಾತೇ ಆಡದಿರುವಾಗ ಅದೂ ಆಗಲಿ ಎನ್ನುತ್ತೇನೆ.

ಮೊದಲು ಹಿಡಿಯಬೇಕಾದ ಕೆಲಸ 2005ರ ಒಪ್ಪಂದಕ್ಕೆ ಕ್ರೂಸ್ ಕ್ಷಿಪಣಿಯನ್ನು ಸೇರಿಸುವುದು. 2025ರ ಮೇನಲ್ಲಿ ಭಾರತ ಬ್ರಹ್ಮೋಸನ್ನು ಯುದ್ಧದಲ್ಲೇ ಬಳಸಿತು. ಆಗಸ್ಟ್‌ನಲ್ಲಿ ಪಾಕಿಸ್ತಾನ ಪ್ರತ್ಯೇಕ ರಾಕೆಟ್ ಪಡೆಯನ್ನೇ ಘೋಷಿಸಿತು. ಹಾರುವ ಕ್ಷಿಪಣಿಗಳು ಹೆಚ್ಚಿದಷ್ಟೂ ತಪ್ಪಿ ಹಾರುವುದೂ ಹೆಚ್ಚು. ತಪ್ಪಿ ಹಾರಿದರೆ ಇಷ್ಟು ನಿಮಿಷದೊಳಗೆ ಫೋನು ಮಾಡತಕ್ಕದ್ದು ಎಂಬ ಒಂದು ಸಾಲು ಸೇರಿಸಲು ಯಾವ ದೇಶದ ಮೀಸೆಯೂ ಮಣ್ಣಾಗುವುದಿಲ್ಲ.

ಚೀನಾದ ವಿಷಯ ಇನ್ನೂ ಜಟಿಲ. ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕದ ಭಾರತದ ಜತೆ ಅಣ್ವಸ್ತ್ರದ ಬಗ್ಗೆ ಮಾತಾಡಿದರೆ ಅದನ್ನು ಅಣ್ವಸ್ತ್ರ ದೇಶವೆಂದು ಒಪ್ಪಿದಂತಾಗುತ್ತದೆ ಎಂಬುದು ಬೀಜಿಂಗ್‌ನ ಹಳೆಯ ತಗಾದೆ. ಆದರೆ ಇದೇ ಚೀನಾ 2009ರಲ್ಲಿ ರಷ್ಯಾದೊಂದಿಗೆ ಕ್ಷಿಪಣಿ ಹಾರಿಸುವ ಮುನ್ನ ತಿಳಿಸುವ ಒಪ್ಪಂದ ಮಾಡಿಕೊಂಡಿದೆ, 2020ರಲ್ಲಿ ಅದನ್ನು ಹತ್ತು ವರ್ಷ ಮುಂದಕ್ಕೂ ಒಯ್ದಿದೆ. ಹಾರಿಸುವ ಮೊದಲು ಹೇಳಿ ಎನ್ನಲು ಯಾರು ಯಾವ ವರ್ಗದ ದೇಶ ಎಂದು ಇತ್ಯರ್ಥವಾಗಬೇಕಿಲ್ಲ. ಸದ್ಯಕ್ಕೆ ಭಾರತ ಬಂಗಾಳ ಕೊಲ್ಲಿಯಲ್ಲಿ ಪರೀಕ್ಷೆಗೆ ಮುನ್ನ ವಿಮಾನ ಮತ್ತು ಹಡಗುಗಳಿಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸುತ್ತದೆ. ಅದನ್ನು ಓದಿಕೊಂಡು ಚೀನಾದ ‘ಯುವಾನ್ ವಾಂಗ್’ ಹಡಗುಗಳು ದೊಡ್ಡ ದೊಡ್ಡ ಆಂಟೆನಾ ಹೊತ್ತು ಹಿಂದೂ ಮಹಾಸಾಗರಕ್ಕೆ ಬಂದು ನಿಲ್ಲುತ್ತವೆ. 2022ರ ನವೆಂಬರ್‌ನಲ್ಲಿ ಹಾಗೊಂದು ಹಡಗು ಬಂದದ್ದು ದೊಡ್ಡ ಸುದ್ದಿಯಾಗಿತ್ತು. ಅಂದರೆ ಹಾರುವ ಸುದ್ದಿ ಅವರಿಗೆ ಹೇಗೂ ತಲುಪುತ್ತಿದೆ. ನೇರವಾಗಿ ಹೇಳುವ, ಕೇಳುವ ಏರ್ಪಾಡೊಂದೇ ಇಲ್ಲದಿರುವುದು.